ವೇಷ ಯಾವುದು, ಮುಖ ಯಾವುದು?

ನೀವು ಹಗಲುವೇಷ ನೋಡಿದ್ದೀರಾ? ಬಾಗಳಿ, ಹರಪನಹಳ್ಳಿ ಕಡೆಯ ಹಿರಿಯರನ್ನು ಕೇಳಿರಿ, ಕಥೆ ಹೇಳುತ್ತಾರೆ. ಹಗಲುವೇಷದವರಿಗೆ ಅಟ್ಟ ಬೇಡ, ಪರದೆ ಬೇಡ. ಬಿಸಿಲೇ ದೀಪ, ಬೀದಿಯೇ ರಂಗ. ಹಾರ್ಮೋನಿಯಂ, ತಬಲಾ ಹಿಡಿದು ಮನೆಮನೆಗೆ ಬರುತ್ತಾರೆ. ಇವತ್ತು ರಾವಣ, ನಾಳೆ ಭೀಮ. ಕೊನೆಯ ದಿನ ಕಾಳುಕಡಿ, ರೊಕ್ಕ ಕೇಳುತ್ತಾರೆ.

ಸಂಜೆ ಬಣ್ಣ ತೊಳೆದರೆ ರಾವಣ ಹೋದ. ಉಳಿದವನು ಮಕ್ಕಳಿಗೆ ರೊಟ್ಟಿ ಮುರಿದು ಕೊಡುವ ಬಡ ಅಪ್ಪ.

ಬಯಲಾಟದಲ್ಲಿ ಗಂಡಸರೇ ಹೆಣ್ಣಿನ ಪಾತ್ರ ಕಟ್ಟುತ್ತಿದ್ದರು. ದ್ರೌಪದಿ ಅತ್ತರೆ ನೋಡುವವರೂ ಅಳುತ್ತಿದ್ದರು. ಭೇಷ್ ಅಂತ ಆಯಾರು ಮಾಡುತ್ತಿದ್ದರು. ಆದರೆ ಅದೇ ನಡಿಗೆ, ಅದೇ ಮಾತು ಮರುದಿನ ಬೀದಿಯಲ್ಲಿ ಯಾವನಾದರೂ ಹುಡುಗನಲ್ಲಿ ಕಂಡರೆ? ನಗುತ್ತಾರೆ, ಹೊಡೆಯುತ್ತಾರೆ. ಇದು ಯಾವ ನ್ಯಾಯವೋ ನನಗಂತೂ ತಿಳಿಯದು.

ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಎಂಬ ಹುಡುಗನಿದ್ದ. ಅಂಗಿ ಚಡ್ಡಿ ಹಾಕಿ ಶಾಲೆಗೆ ಹೋಗುತ್ತಿದ್ದ. ಒಳಗೆ ಮಾತ್ರ ತಾನು ಹೆಣ್ಣು ಅನ್ನಿಸುತ್ತಿತ್ತು. ಅವನಿಗೆ ಆ ಅಂಗಿ ಚಡ್ಡಿಯೇ ವೇಷ. ಹಗಲುವೇಷದವನಿಗೆ ಸಂಜೆ ಉಂಟು. ಈ ಮಗುವಿಗೆ ಸಂಜೆಯೇ ಆಗಲಿಲ್ಲ. ಮನೆಯವರು ಹುಲಿಗಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ಮಂಜುನಾಥ ಮಂಜಮ್ಮನಾದರು. (ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುವುದನ್ನು 1982ರ ಕಾಯ್ದೆ ನಿಷೇಧಿಸಿದೆ. ಇದನ್ನು ಮರೆಯಬೇಡಿ.)

ಆಮೇಲೆ ಮನೆಯೂ ಬಿಟ್ಟುಹೋಯಿತು. ಸೀರೆಯುಟ್ಟು ಬೀದಿಯಲ್ಲಿ ಭಿಕ್ಷೆ ಬೇಡಿದರು. ಜೀವವೇ ಬೇಡ ಅನ್ನಿಸಿದ ದಿನವೂ ಇತ್ತು.

ದಾವಣಗೆರೆ ಬಸ್ ನಿಲ್ದಾಣದಲ್ಲಿ ಒಂದು ದಿನ ಅಪ್ಪ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಕೊಡಕ್ಕೆ ಕೈ ಹಚ್ಚುವಂತಿಲ್ಲ! ಮಂಜಮ್ಮ ಆ ಕುಣಿತ ಕಲಿತರು. ಮುಂದೆ ಕಾಳವ್ವ ಜೋಗತಿ ಗುರುವಾದರು. ಚೌಡಿಕೆ ಪದ, ಎಲ್ಲಮ್ಮನ ಆಟ, ಊರೂರು ಜಾತ್ರೆ. ಕಾಳವ್ವ ತೀರಿಕೊಂಡ ಮೇಲೆ ಮೇಳವನ್ನು ಮಂಜಮ್ಮನೇ ನಡೆಸಿದರು. ನೆಲೆ ನಿಂತದ್ದು ಹೊಸಪೇಟೆ ಹತ್ತಿರದ ಮರಿಯಮ್ಮನಹಳ್ಳಿಯಲ್ಲಿ.

ಇಲ್ಲಿ ಒಂದು ವಿಚಿತ್ರ ನೋಡಿ. ಬೇರೆ ಕಲಾವಿದರು ರಂಗಕ್ಕೆ ಬಂದು ವೇಷ ಕಟ್ಟುತ್ತಾರೆ. ಮಂಜಮ್ಮ ರಂಗಕ್ಕೆ ಬಂದು ವೇಷ ಕಳಚಿದರು.

2014ರಲ್ಲಿ ಸುಪ್ರೀಂ ಕೋರ್ಟು ಇಂಥವರಿಗೆ ತಾವು ಯಾರು ಎಂದು ತಾವೇ ಹೇಳಿಕೊಳ್ಳುವ ಹಕ್ಕು ಇದೆ ಎಂದಿತು. 2019ರಲ್ಲಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. ದೆಹಲಿಯಲ್ಲಿ ಪ್ರಶಸ್ತಿ ಪಡೆಯುವಾಗ ಸೀರೆಯ ಸೆರಗು ಹಿಡಿದು ರಾಷ್ಟ್ರಪತಿ ಕೋವಿಂದ್ ಅವರಿಗೇ ದೃಷ್ಟಿ ತೆಗೆದರು. ದೇಶವೆಲ್ಲ ಅದನ್ನು ಟಿ.ವಿ.ಯಲ್ಲಿ ನೋಡಿತು. 

ಓದಿರಿ, ಬರೆಯಿರಿ:
ವೇಷ, ಕೊಡ, ಸೆರಗು, ಚೌಡಿಕೆ, ಜೋಗತಿ, ಮಂಜಮ್ಮ.

ನಿಮ್ಮ ಊರಿಗೆ ಬರುತ್ತಿದ್ದ ವೇಷದವರು ಯಾರು? ಅವರು ಹಾಡುತ್ತಿದ್ದ ಒಂದು ಹಾಡನ್ನು ಮನೆಯ ಹಿರಿಯರಿಂದ ಕೇಳಿ, ನಾಳೆ ಕೇಂದ್ರದಲ್ಲಿ ಹಾಡಿರಿ.