ನಾಯಿಗೆ ಅರ್ಧ ಟಿಕೆಟ್, ನಮಗೆ ಪೂರ್ತಿ ಜವಾಬ್ದಾರಿ

ಶಾಂತಿಗ್ರಾಮದಿಂದ ಹಾಸನಕ್ಕೆ ದಿನಾ ಬಸ್ಸಲ್ಲಿ ಓಡಾಡುವ ನಮ್ಮ ಗುಂಪಿನಲ್ಲಿ ಕಳೆದ ಸೆಮಿಸ್ಟರ್ ಒಂದು ಜಗಳ ಆಯ್ತು. ಗೆಳತಿಯೊಬ್ಬಳು ನಾಯಿಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಪರೀಕ್ಷೆ ಹತ್ತಿರ ಬಂದ್ರೆ ಅವಳಿಗೆ ಉಸಿರು ಕಟ್ಟಿದ ಹಾಗಾಗುತ್ತೆ. ಅದು ಜೊತೆಗಿದ್ದರೆ ಧೈರ್ಯ. ಪಕ್ಕದಲ್ಲಿದ್ದ ಗೆಳೆಯ ಎದ್ದು ದೂರ ಹೋದ. ಚಿಕ್ಕಂದಿನಲ್ಲಿ ನಾಯಿ ಕಚ್ಚಿದ್ದನ್ನು ಅವನಿನ್ನೂ ಮರೆತಿಲ್ಲ. "ಇದು ಎಮೋಷನಲ್ ಸಪೋರ್ಟ್ ಅನಿಮಲ್. ಆನ್‌ಲೈನ್ ಸರ್ಟಿಫಿಕೇಟ್ ಇದೆ" ಅಂದಳು ಇವಳು. ಯಾರು ಸರಿ? ಕೂತು ಓದಿದೆವು.

ಮೊದಲು ವ್ಯತ್ಯಾಸ ತಿಳಿಯೋಣ. ಕಣ್ಣು ಕಾಣದವರಿಗೆ ದಾರಿ ತೋರಿಸುವಂಥ ನಿರ್ದಿಷ್ಟ ಕೆಲಸಕ್ಕೆ ತರಬೇತಿ ಪಡೆದದ್ದು ಸೇವಾ ಪ್ರಾಣಿ. ಜೊತೆಗಿದ್ದು ನೆಮ್ಮದಿ ಕೊಡುವುದು ಎಮೋಷನಲ್ ಸಪೋರ್ಟ್ ಅನಿಮಲ್. ಅಮೆರಿಕದ ವಿಕಲಚೇತನರ ಕಾನೂನು ಸಾರ್ವಜನಿಕ ಸ್ಥಳಗಳಲ್ಲಿ ಸೇವಾ ಪ್ರಾಣಿಗೆ ಪ್ರವೇಶದ ಹಕ್ಕು ಕೊಡುತ್ತೆ, ಎರಡನೆಯದಕ್ಕಲ್ಲ. 2021ರಿಂದ ಅಲ್ಲಿನ ವಿಮಾನ ಸಂಸ್ಥೆಗಳೂ ಎರಡನೆಯದನ್ನು ಸಾಮಾನ್ಯ ಸಾಕುಪ್ರಾಣಿ ಎಂದೇ ಪರಿಗಣಿಸಬಹುದು.

ನಮ್ಮಲ್ಲಿ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅಂಥ ವರ್ಗವೇ ಇಲ್ಲ. ಆ ಸರ್ಟಿಫಿಕೇಟ್ ತೋರಿಸಿ ಬಸ್ಸಲ್ಲಿ ಹಕ್ಕು ಕೇಳೋಕಾಗಲ್ಲ. ಹಾಗಂತ ದಾರಿ ಮುಚ್ಚಿಲ್ಲ. ಕೆಎಸ್‌ಆರ್‌ಟಿಸಿ ತನ್ನ ಸಾಮಾನ್ಯ ಬಸ್ಸುಗಳಲ್ಲಿ ಸಾಕುನಾಯಿಗೆ ಅವಕಾಶ ಕೊಟ್ಟಿದೆ. ಮೊದಲು ಪೂರ್ತಿ ಟಿಕೆಟ್ ಇತ್ತು, 2022ರಲ್ಲಿ ಅರ್ಧ ಮಾಡಿತು. ಅಂದರೆ ನಾಯಿ ಬಸ್ ಹತ್ತುವುದು ಟಿಕೆಟ್ ಮೇಲೆ, ಸರ್ಟಿಫಿಕೇಟ್ ಮೇಲಲ್ಲ.

ಟಿಕೆಟ್ ಕೊಂಡ ಮಾತ್ರಕ್ಕೆ ಮುಗೀಲಿಲ್ಲ. ಸಾಕಿದ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗದಂತೆ, ತೀವ್ರ ಗಾಯವಾಗದಂತೆ ನೋಡಿಕೊಳ್ಳದೆ ನಿರ್ಲಕ್ಷಿಸಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹಾಗಾಗಿ ನಾವು ಕಲಿತದ್ದಿಷ್ಟು:

1. ರೇಬೀಸ್ ಲಸಿಕೆ ಹಾಕಿಸಿ, ಕಾರ್ಡ್ ಜೊತೆಗಿಟ್ಟುಕೊಳ್ಳಿ.
2. ಬೆಲ್ಟ್ ಕೈಯಲ್ಲೇ ಇರಲಿ. ಮರಿಯಾದರೆ ಬುಟ್ಟಿಯಲ್ಲಿರಲಿ.
3. ಕೂರುವ ಮೊದಲು ಪಕ್ಕದವರನ್ನು ಕೇಳಿ. "ಏನೂ ಮಾಡಲ್ಲ" ಅನ್ನೋದು ಉತ್ತರವಲ್ಲ.
4. ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಅವಳ ಉಬ್ಬಸವೂ ನಿಜ, ಅವನ ಭಯವೂ ನಿಜ. ಕಾನೂನು ಎರಡನ್ನೂ ಅಳೆಯಲ್ಲ; ಪಕ್ಕದಲ್ಲಿ ಕೂತವರು ಅಳೆಯಬೇಕು. ಈಗ ಅವಳು ಬುಟ್ಟಿ ಹಿಡಿದು ಹಿಂದಿನ ಸೀಟಲ್ಲಿ ಕೂರ್ತಾಳೆ, ಅವನು ಮುಂದೆ. ಹಾಸನ ಬಂದಾಗ ಇಬ್ಬರೂ ಒಟ್ಟಿಗೇ ಇಳೀತಾರೆ.