ಹಿತ್ತಲ ಮೇಪಲ್‌ಗೆ ಒಂದು ವರ್ಷ ಕೊಡು

ತಮ್ಮಾ, ಒಂಟಾರಿಯೊದಲ್ಲಿ ಸ್ವಂತ ಮನೆಯಾಯಿತು, ಹಿತ್ತಲೂ ವಿಶಾಲವಾಗಿದೆ ಎಂದು ಕೇಳಿ ಬಹಳ ಸಂತೋಷವಾಯಿತು. ಆದರೆ ಫೋನಿನಲ್ಲಿ ನೀನಾಡಿದ ಇನ್ನೊಂದು ಮಾತು ಮನಸ್ಸಿನಲ್ಲೇ ಉಳಿದಿದೆ. ಹಿತ್ತಲಿನ ಮರ ರಾಶಿ ಎಲೆ ಉದುರಿಸುತ್ತದೆ, ಅದರಡಿ ಹುಲ್ಲೂ ಬರುವುದಿಲ್ಲ, ಕಡಿಸಿಬಿಡುತ್ತೇನೆ ಎಂದೆಯಲ್ಲ, ಅದು. ಅವಸರ ಮಾಡಬೇಡ. ಒಂದು ಪೂರ್ತಿ ವರ್ಷ, ನಾಲ್ಕೂ ಋತುಗಳಲ್ಲಿ ಆ ಮರವನ್ನು ನೋಡು. ಆಮೇಲೆ ನಿರ್ಧಾರ ಮಾಡು.

ಮೊದಲು ಅದು ಯಾವ ಮೇಪಲ್ ಎಂದು ಗುರುತು ಹಿಡಿ. ಎಲೆಯನ್ನು ಅಂಗೈ ಮೇಲಿಟ್ಟುಕೋ. ಐದು ಹಾಲೆ, ಹಾಲೆಗಳ ನಡುವಿನ ಸಂದು ದುಂಡಗೆ, ಅಂಚು ನಯವಾಗಿ ಅಲ್ಲೊಂದು ಇಲ್ಲೊಂದು ಚೂಪು ತುದಿ ಇದ್ದರೆ ಅದು ಶುಗರ್ ಮೇಪಲ್, ಶಾಸ್ತ್ರದ ಹೆಸರು ಏಸರ್ ಸಕ್ಯಾರಮ್. ಸಂದು ಚೂಪಾಗಿದ್ದು ಅಂಚಿನುದ್ದಕ್ಕೂ ಗರಗಸದ ಹಲ್ಲುಗಳಿದ್ದರೆ ರೆಡ್ ಮೇಪಲ್. ಇನ್ನೂ ಅನುಮಾನವಿದ್ದರೆ ತೊಟ್ಟನ್ನು ಮುರಿದು ನೋಡು. ಬಿಳಿ ಹಾಲು ಒಸರಿದರೆ ಅದು ಯೂರೋಪಿನಿಂದ ತಂದು ಬೀದಿಬದಿಯಲ್ಲಿ ನೆಟ್ಟ ನಾರ್ವೆ ಮೇಪಲ್. ಶುಗರ್ ಮೇಪಲ್ ತೊಟ್ಟಿನಲ್ಲಿ ತಿಳಿ ರಸವಷ್ಟೇ ಇರುತ್ತದೆ. ಚಳಿಗಾಲದಲ್ಲಿ ಎಲೆ ಇಲ್ಲದಾಗ ಕೊಂಬೆಯ ತುದಿ ನೋಡು: ಶುಗರ್ ಮೇಪಲ್ ಮೊಗ್ಗು ಕಂದು ಬಣ್ಣದ್ದು, ಸಪೂರ, ಮೊನಚು.

ನೀನು ಕಳಿಸಿದ ಚಿತ್ರ ನೋಡಿದರೆ ಅದು ಶುಗರ್ ಮೇಪಲ್ಲೇ. ಇದು ಹೊರಗಿನಿಂದ ತಂದು ನೆಟ್ಟ ಜಾತಿಯಲ್ಲ, ಇದೇ ನೆಲದ್ದು. ಪೂರ್ವದಲ್ಲಿ ನೋವಾ ಸ್ಕೋಷಿಯಾದಿಂದ ಕ್ವಿಬೆಕ್, ದಕ್ಷಿಣ ಒಂಟಾರಿಯೊ ದಾಟಿ ಪಶ್ಚಿಮದಲ್ಲಿ ಮಿನೆಸೋಟದವರೆಗೆ, ದಕ್ಷಿಣಕ್ಕೆ ಟೆನೆಸಿಯವರೆಗೂ ಇದರ ಕಾಡುಗಳಿವೆ. ನೀರು ಬಸಿದು ಹೋಗುವ, ತಂಪಾದ, ಆಳವಾದ ಮಣ್ಣು ಇದಕ್ಕೆ ಬೇಕು; ನೀರು ನಿಲ್ಲುವ ಜಾಗ ಆಗದು. ನೆರಳನ್ನು ತಾಳಿಕೊಳ್ಳುವ ಶಕ್ತಿ ಅಪಾರ. ದೊಡ್ಡ ಮರಗಳ ಅಡಿಯಲ್ಲಿ ಇದರ ಸಸಿಗಳು ವರ್ಷಾನುಗಟ್ಟಲೆ ಮೊಣಕಾಲೆತ್ತರದಲ್ಲೇ ಕಾಯುತ್ತವೆ. ಮೇಲೊಂದು ಮರ ಬಿದ್ದು ಬೆಳಕು ಬಂದಾಗ ಸರ್ರನೆ ಮೇಲೇಳುತ್ತವೆ. 25ರಿಂದ 35 ಮೀಟರ್ ಎತ್ತರ ಬೆಳೆದು, ಇನ್ನೂರು ಮುನ್ನೂರು ವರ್ಷ ಬಾಳುವ ಮರ ಇದು. ನಿನ್ನ ಮನೆ ಕಟ್ಟುವ ಮೊದಲೇ ಅದು ಅಲ್ಲಿದ್ದಿರಬಹುದು.

ಈಗ ಋತುಗಳಿಗೆ ಬರೋಣ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ, ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಸೊನ್ನೆಗಿಂತ ಮೇಲಿನ ಬಿಸಿಲು ಇರುವ ದಿನಗಳು ಬರುತ್ತವೆ. ರಾತ್ರಿ ಕಾಂಡ ಹೆಪ್ಪುಗಟ್ಟುವಾಗ ಬೇರಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಹಗಲು ಕರಗಿದಾಗ ಒಳಗೆ ಒತ್ತಡ ಏರಿ, ತೂತಿದ್ದ ಕಡೆ ರಸ ಹೊರಗೆ ಬರುತ್ತದೆ. ಆ ರಸ ನೋಡಲು ನೀರೇ. ಅದರಲ್ಲಿ ಸಕ್ಕರೆ ಶೇ. 2ರಷ್ಟು ಮಾತ್ರ. ಆದ್ದರಿಂದ ಒಂದು ಲೀಟರ್ ಸಿರಪ್ಪಿಗೆ ಸುಮಾರು 40 ಲೀಟರ್ ರಸ ಕುದಿಸಬೇಕು. ಇಲ್ಲಿನ ಸಕ್ಕರೆ ಗುಡಿಸಲು ಎಂದರೆ ನಮ್ಮ ಮಂಡ್ಯದ ಆಲೆಮನೆ ಎಂದೇ ತಿಳಿ: ಅದೇ ಕೊಪ್ಪರಿಗೆ, ಅದೇ ಉರಿ, ಕೊನೆಗೆ ಅದೇ ಜೋನಿ ಬೆಲ್ಲದ ಹದ. ಯುಗಾದಿ ಬರುವುದೂ ಈ ಕಾಲದಲ್ಲೇ. ಮಕ್ಕಳನ್ನು ಒಮ್ಮೆ ಅಂಥ ಗುಡಿಸಲಿಗೆ ಕರೆದುಕೊಂಡು ಹೋಗು. ಈ ವಿದ್ಯೆ ಯೂರೋಪಿನವರದಲ್ಲ, ಅನಿಶಿನಾಬೆ, ಹೋಡೆನೊಶೋನಿ ಮುಂತಾದ ಇಲ್ಲಿನ ಮೂಲಜನರದು ಎಂಬುದನ್ನೂ ಮಕ್ಕಳಿಗೆ ಹೇಳು. ಅವರು ಬರ್ಚ್ ತೊಗಟೆಯ ಪಾತ್ರೆಗಳಲ್ಲಿ ರಸ ಹಿಡಿದು, ಕೆಡದಂತೆ ಸಕ್ಕರೆಯನ್ನೇ ಮಾಡಿ ವರ್ಷಕ್ಕಾಗುವಷ್ಟು ಇಟ್ಟುಕೊಳ್ಳುತ್ತಿದ್ದರು. ಇಂದು ಜಗತ್ತಿನ ಮೇಪಲ್ ಸಿರಪ್ಪಿನಲ್ಲಿ ಸುಮಾರು ಶೇ. 70 ಕ್ವಿಬೆಕ್ ಒಂದರಿಂದಲೇ ಬರುತ್ತದೆ.

ನಿನ್ನ ಮರದಿಂದಲೂ ರಸ ತೆಗೆಯಬಹುದು, ಆದರೆ ಮಿತಿಯಲ್ಲಿ. ಎದೆಮಟ್ಟದಲ್ಲಿ ಟೇಪು ಹಿಡಿದು ಸುತ್ತಳತೆ ನೋಡು. 80 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಮುಟ್ಟಬೇಡ. ಅಷ್ಟು ದಪ್ಪವಾಗಲು ಅದಕ್ಕೆ 40 ವರ್ಷವೇ ಬೇಕಾಗುತ್ತದೆ. ಹೆಚ್ಚಿದ್ದರೆ ಒಂದೇ ತೂತು ಸಾಕು. 8 ಮಿ.ಮೀ. ಅಗಲ, ನಾಲ್ಕೈದು ಸೆಂ.ಮೀ. ಆಳ, ರಸ ಹೊರಕ್ಕೆ ಹರಿಯುವಂತೆ ತುಸು ಓರೆಯಾಗಿ ಕೊರೆ. ಕೊರೆದಾಗ ತಿಳಿ ಬಣ್ಣದ ಹುಡಿ ಬಂದರೆ ಮರ ಆರೋಗ್ಯವಾಗಿದೆ ಎಂದರ್ಥ. ಕಪ್ಪು ಕಂದು ಹುಡಿ ಬಂದರೆ ಒಳಗಿನದು ಸತ್ತ ಮರ, ಅಲ್ಲಿ ರಸ ಬರುವುದಿಲ್ಲ. ಮುಂದಿನ ವರ್ಷ ಹಳೆಯ ತೂತಿನ ಹತ್ತಿರ ಹೋಗಬೇಡ. ಹಳೆಯದನ್ನು ಮರವೇ ಮುಚ್ಚಿಕೊಳ್ಳುತ್ತದೆ, ಮೇಣ ಮಣ್ಣು ಮೆತ್ತುವ ಅಗತ್ಯವಿಲ್ಲ. ಮೊಗ್ಗು ಉಬ್ಬಿದೊಡನೆ ನಿಲ್ಲಿಸು, ಆಮೇಲಿನ ರಸದ ರುಚಿ ಕೆಡುತ್ತದೆ. ಅಡುಗೆಮನೆಯಲ್ಲಿ ಕುದಿಸಲು ಹೋಗಬೇಡ; 39 ಲೀಟರ್ ನೀರು ಆವಿಯಾಗಿ ಗೋಡೆ ಸೂರುಗಳಿಗೆಲ್ಲ ಅಂಟುತ್ತದೆ. ಹಿತ್ತಲಲ್ಲೇ ಒಲೆ ಹೂಡು. ನೀರು ಕುದಿಯುವ ಬಿಸಿಗಿಂತ 4 ಡಿಗ್ರಿ ಸೆಲ್ಸಿಯಸ್ ಹೆಚ್ಚಾದಾಗ ಪಾಕ ಹದಕ್ಕೆ ಬಂತು. ದೋಸೆಗೆ, ಹೋಳಿಗೆಗೆ ಚೆನ್ನಾಗಿ ಹೊಂದುತ್ತದೆ. ಆದರೆ ಇದೂ ಸಕ್ಕರೆಯೇ. ಮಧುಮೇಹ ಇರುವ ಅಮ್ಮನಿಗೆ ಔಷಧಿಯೆಂದು ಬಡಿಸಬೇಡ.

ಬೇಸಿಗೆಯಲ್ಲಿ ನೋಡಬೇಕಾದದ್ದು ನೆಲ. ಹುಲ್ಲು ಬೆಳೆಯುವುದಿಲ್ಲ ಎಂದೆ. ದಟ್ಟ ನೆರಳು, ಹೆಚ್ಚಾಗಿ ಮೇಲ್ಪದರದಲ್ಲಿ ಹರಡುವ ಬೇರು, ಇವೆರಡರಿಂದ ಹಾಗಾಗುತ್ತದೆ. ಅಲ್ಲಿ ಹುಲ್ಲಿಗಾಗಿ ಹೆಣಗಬೇಡ, ನೆರಳಲ್ಲಿ ಬೆಳೆಯುವ ಜರೀಗಿಡ ನೆಡು. ಈ ಮರ ಒಣ ದಿನಗಳಲ್ಲಿ ಆಳದ ಬೇರುಗಳಿಂದ ನೀರೆತ್ತಿ ರಾತ್ರಿ ಹೊತ್ತು ಮೇಲ್ಮಣ್ಣಿಗೆ ಬಿಡುತ್ತದೆ. ಸುತ್ತಲಿನ ಸಣ್ಣ ಗಿಡಗಳೂ ಅದನ್ನು ಕುಡಿಯುತ್ತವೆ. ಬೇರಿನ ಮೇಲೆ ಕಾರು ನಿಲ್ಲಿಸಬೇಡ, ಮಣ್ಣು ಗಟ್ಟಿಯಾದರೆ ಉಸಿರು ಕಟ್ಟುತ್ತದೆ. ಚಳಿಗಾಲದಲ್ಲಿ ಕಾರಿನ ದಾರಿಗೆ ಹಾಕುವ ಉಪ್ಪು ಬುಡಕ್ಕೆ ಹರಿಯದಂತೆ ನೋಡಿಕೋ, ಈ ಜಾತಿಗೆ ಉಪ್ಪು ಸೇರದು. ಬುಡಕ್ಕೆ ತೊಗಟೆ ಚೂರು ಹಾಕುವುದಿದ್ದರೆ ಅಗಲವಾಗಿ, ತೆಳುವಾಗಿ ಹರಡು. ಕಾಂಡಕ್ಕೆ ತಾಗಿಸಿ ಗುಡ್ಡೆ ಹಾಕಿದರೆ ತೊಗಟೆ ಕೊಳೆತು, ಹೊಸ ಬೇರುಗಳು ಕಾಂಡವನ್ನೇ ಸುತ್ತಿ ಬಿಗಿಯುತ್ತವೆ.

ಶರತ್ಕಾಲದಲ್ಲಿ ಬಿಸಿಲಿನ ಹಗಲು, ತಣ್ಣನೆಯ ರಾತ್ರಿ ಸೇರಿ ಬಂದರೆ ಇಡೀ ಮರ ಹಳದಿ, ಕಿತ್ತಳೆ, ಕೆಂಪಾಗುತ್ತದೆ. ಹಸಿರು ಹಿಂದೆ ಸರಿದಾಗ ಹಳದಿ ತಾನಾಗಿ ಕಾಣಿಸುತ್ತದೆ. ಕೆಂಪನ್ನು ಎಲೆ ಆಗ ಹೊಸದಾಗಿ ತಯಾರಿಸುತ್ತದೆ. ಉದುರಿದ ಎಲೆಗಳನ್ನು ಚೀಲಕ್ಕೆ ತುಂಬಿ ಬೀದಿಗಿಡಬೇಡ. ಹುಲ್ಲು ಕತ್ತರಿಸುವ ಯಂತ್ರವನ್ನೇ ಅವುಗಳ ಮೇಲೆ ಓಡಿಸಿ ಪುಡಿ ಮಾಡು, ಅದೇ ಮರದ ಗೊಬ್ಬರ. ಆಗಲೇ ಜೋಡಿ ರೆಕ್ಕೆಯ ಬೀಜಗಳೂ ತಿರುಗುತ್ತ ಬೀಳುತ್ತವೆ. ಊರಿನಿಂದ ಬಂದ ಅಪ್ಪ ಅಮ್ಮ ಅವನ್ನು ಬೆಂಗಳೂರಿಗೆ ಒಯ್ಯುತ್ತೇವೆ ಎಂದರೆ ತಡೆ. ಸೊನ್ನೆಯ ಆಸುಪಾಸಿನ ಚಳಿಯಲ್ಲಿ, ತೇವದಲ್ಲಿ ಸುಮಾರು ಮೂರು ತಿಂಗಳು ಇದ್ದರಷ್ಟೇ ಇವು ಮೊಳೆಯುತ್ತವೆ. ಪರವಾನಗಿ ಇಲ್ಲದೆ ಬೀಜ ಒಯ್ಯುವುದು ಕಾನೂನಿಗೂ ವಿರುದ್ಧ.

ಕಡಿಸಿದರೆ ಮರಕ್ಕೆ ಬೆಲೆ ಬರಬಹುದು ಎಂಬ ಆಸೆಯೂ ನಿನಗಿರಬಹುದು. ನಿಜ, ಶುಗರ್ ಮೇಪಲ್ ಬಹಳ ಗಟ್ಟಿ, ನುಣುಪು ಮರ. ಬ್ಯಾಸ್ಕೆಟ್‌ಬಾಲ್ ಅಂಕಣದ ನೆಲ, ಬೌಲಿಂಗ್ ಹಾದಿ, ಮಾಂಸ ಕತ್ತರಿಸುವ ದಪ್ಪ ಹಲಗೆ, ಬೇಸ್‌ಬಾಲ್ ಬ್ಯಾಟು ಇದರಿಂದಾಗುತ್ತವೆ. ನಮ್ಮ ಕಛೇರಿಗಳ ಪಿಟೀಲಿನ ಬೆನ್ನು, ಪಕ್ಕ, ಕತ್ತು ಇದೇ ಕುಲದ ಮರದವು, ಸಾಮಾನ್ಯವಾಗಿ ಯೂರೋಪಿನ ಮೇಪಲ್ಲಿನವು. ಆದರೆ ಅದೆಲ್ಲ ಕಾಡಿನಲ್ಲಿ ನೆಟ್ಟಗೆ ಬೆಳೆದ ದಿಮ್ಮಿಗಳ ಮಾತು. ಹಿತ್ತಲ ಮರ ಗಿಡ್ಡ ಕಾಂಡದ್ದು, ಕೊಂಬೆ ಜಾಸ್ತಿ, ಒಳಗೆ ಮೊಳೆ ತಂತಿ ಇರುವ ಭಯ ಬೇರೆ. ಕೊಳ್ಳುವವರು ಸಿಗುವುದೇ ಕಷ್ಟ. ಕಡಿಸುವ ಖರ್ಚು ನಿನ್ನದೇ.

ಕಾನೂನನ್ನೂ ಮರೆಯಬೇಡ. ಟೊರಾಂಟೊ ನಗರದಲ್ಲಿ, ನೆಲದಿಂದ 1.4 ಮೀಟರ್ ಎತ್ತರದಲ್ಲಿ 30 ಸೆಂ.ಮೀ. ಅಥವಾ ಹೆಚ್ಚು ವ್ಯಾಸವಿರುವ ಮರವನ್ನು ಸ್ವಂತ ಜಾಗದಲ್ಲಿದ್ದರೂ ಪರವಾನಗಿ ಇಲ್ಲದೆ ಕಡಿಯುವಂತಿಲ್ಲ. ನಿನ್ನ ಊರಿನ ನಿಯಮವನ್ನು ನಗರಸಭೆಯಲ್ಲಿ ಕೇಳಿ ತಿಳಿದುಕೋ. ಒಣಕೊಂಬೆಗಳ ಹೆದರಿಕೆಯಿದ್ದರೆ ಅರ್ಹತೆಯಿರುವ ಮರತಜ್ಞರನ್ನು ಕರೆಸು. ಅಪಾಯದ ಕೊಂಬೆಯನ್ನಷ್ಟೇ ಅವರು ತೆಗೆಯುತ್ತಾರೆ, ಮರ ಉಳಿಯುತ್ತದೆ.

ಮರ ಉಳಿಯುವಂತೆಯೇ ಇಲ್ಲ ಎಂದು ಅವರು ಹೇಳಿದರೆ ಮಾತ್ರ ಕಡಿಸು. ಹಾಗೆ ಕಡಿಸುವುದಿದ್ದರೂ ಮೊದಲು ಒಂದು ಶುಗರ್ ಮೇಪಲ್ ಸಸಿ ತಂದು, ಗೋಡೆಯಿಂದ, ವಿದ್ಯುತ್ ತಂತಿಯಿಂದ ದೂರದಲ್ಲಿ ನೆಡು. ಅದರಿಂದ ರಸ ತೆಗೆಯುವ ಹೊತ್ತಿಗೆ ನಿನ್ನ ಮಕ್ಕಳು ಈಗಿನ ನಿನಗಿಂತ ದೊಡ್ಡವರಾಗಿರುತ್ತಾರೆ. ಈಗ ಹಿತ್ತಲಲ್ಲಿರುವ ಮರವನ್ನೂ ಹೀಗೆಯೇ ಯಾರೋ ಹಿಂದಿನವರು ನೆಟ್ಟಿದ್ದಾರೆ, ಇಲ್ಲವೇ ಕಡಿಯದೆ ಬಿಟ್ಟಿದ್ದಾರೆ. ಈ ವಾರವೇ ಟೇಪು ಹಿಡಿದು ಅಳೆದು, ಸುತ್ತಳತೆ ಎಷ್ಟೆಂದು ನನಗೆ ಫೋನ್ ಮಾಡಿ ಹೇಳು.