ಜೂಮ್ ಮಾಡಿದರೆ ಹಕ್ಕಿ ಎಲ್ಲಿಗೆ ಹೋಗುತ್ತೆ?

ದಸರಾ ರಜೆಗೆ ಜಯನಗರದ ಮಾವನ ಮನೆಗೆ ಹೋಗಿದ್ದೆ. ಲಾಲ್‌ಬಾಗ್ ಕೆರೆ ದಂಡೆಯಲ್ಲಿ ಮಾವ ತಮ್ಮ ಹಳೇ ಫಿಲ್ಮ್ ಕ್ಯಾಮೆರಾ ಕೈಗೆ ಕೊಟ್ಟರು. ಅದಕ್ಕೆ 70ರಿಂದ 300 ಮಿ.ಮೀ. ಜೂಮ್ ಲೆನ್ಸ್. ವ್ಯೂಫೈಂಡರಿನಲ್ಲಿ ಇಣುಕಿದೆ, ಪಕ್ಕಕ್ಕೆ ಒಂದು ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸ್ತಾ ಇತ್ತು. ಉಂಗುರ ತಿರುಗಿಸಿ 300ಕ್ಕೆ ತಂದರೆ ಹಕ್ಕಿಯೇ ಇಲ್ಲ, ಬರೀ ನೀರು! ಹುಡುಕುವಷ್ಟರಲ್ಲಿ ಹಾರಿಹೋಯ್ತು.

"ಲೆನ್ಸ್ ಕೆಟ್ಟಿದೆ ಮಾವ" ಅಂದೆ.

"ಮೊದಲು ಲೆಕ್ಕ ಹಾಕು, ಆಮೇಲೆ ಲೆನ್ಸನ್ನ ಬೈಯೋಣ" ಅಂದರು.

ಜೂಮ್ ಮಾಡಿದಾಗ ಚಿತ್ರ ನಡುವಿನಿಂದ ಹೊರಕ್ಕೆ ಹಿಗ್ಗುತ್ತದೆ. 70ರಲ್ಲಿ ನಡುವಿನಿಂದ 5 ಮಿ.ಮೀ. ದೂರವಿದ್ದ ಹಕ್ಕಿ 300ರಲ್ಲಿ ಸುಮಾರು 21 ಮಿ.ಮೀ. ದೂರ ಹೋಗುತ್ತದೆ. ಫಿಲ್ಮಿನ ಚೌಕಟ್ಟಿನ ಅಗಲ 36, ಅರ್ಧಕ್ಕೆ 18. ಹಕ್ಕಿ ಆಚೆ! ಕೈಯೂ ಮೋಸ ಮಾಡುತ್ತೆ. ಕ್ಯಾಮೆರಾ ಒಂದು ಡಿಗ್ರಿ ತಿರುಗಿದರೆ ಚಿತ್ರ 70ರಲ್ಲಿ 1.2 ಮಿ.ಮೀ., 300ರಲ್ಲಿ 5.2 ಮಿ.ಮೀ. ಸರಿಯುತ್ತದೆ.

ಲೆನ್ಸಿನ ದೋಷವೂ ಇರಬಹುದು. ಒಳಗಿನ ಗಾಜುಗಳು ಗುಂಪು ಗುಂಪಾಗಿ ಹಿಂದೆ ಮುಂದೆ ಜಾರುತ್ತವೆ. ಒಂದು ಗುಂಪು ಓರೆಯಾದರೂ ಚಿತ್ರ ಪಕ್ಕಕ್ಕೆ ನಡೆಯುತ್ತದೆ. ಪರೀಕ್ಷೆ ಸುಲಭ. ಕ್ಯಾಮೆರಾನ ಸ್ಟ್ಯಾಂಡಿಗೆ ಬಿಗಿದು, ಗೋಡೆ ಮೇಲಿನ + ಗುರುತನ್ನು 300ರಲ್ಲಿ ಸರಿಯಾಗಿ ನಡುವೆ ತಂದು, ಮೆಲ್ಲಗೆ 70ಕ್ಕೆ ಇಳಿಸಬೇಕು. (70ರಿಂದ ಶುರು ಮಾಡಿದರೆ ನಮ್ಮ ಸಣ್ಣ ತಪ್ಪೇ ನಾಲ್ಕು ಪಟ್ಟು ಕಾಣುತ್ತೆ.) ಮನೇಲಿ ಮಾಡಿ ನೋಡಿದೆವು. ಗುರುತು ಕೂದಲೆಳೆಯಷ್ಟು ಸರಿಯಿತು, ಅಷ್ಟೇ. ತಪ್ಪು ನನ್ನದೇ!

ಮರುದಿನ ಹಕ್ಕಿಯನ್ನ ಮೊದಲು ನಡುವಿಗೆ ತಂದು ಆಮೇಲೆ ಜೂಮ್ ಮಾಡಿದೆ. ಫೋಟೋ ಬಂತು, ಬಾಲ ಮಾತ್ರ ಕಟ್.